ದೂರದರ್ಶಕವಿಲ್ಲದೆ ಆಕಾಶ ವೀಕ್ಷಣೆ: ಪದೇ ಪದೇ ಕೇಳುವ ಪ್ರಶ್ನೆಗಳು

ಆಕಾಶ ವೀಕ್ಷಣೆಯ ಕೂಟಗಳಲ್ಲಿ, ಪತ್ರಗಳಲ್ಲಿ ಮತ್ತು ಓದುಗರ ಪ್ರತಿಕ್ರಿಯೆಗಳಲ್ಲಿ ಮತ್ತೆ ಮತ್ತೆ ಎದುರಾಗುವ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಕೊಟ್ಟಿದೆ. ಉತ್ತರಗಳೆಲ್ಲವೂ ಕರ್ನಾಟಕದಿಂದ ಕಾಣುವ ಆಕಾಶಕ್ಕೆ ಸಂಬಂಧಿಸಿದವು. ಸುಲಭವಾಗಿ ಸಿಗುವ ಇಂಗ್ಲಿಷ್ ಪುಸ್ತಕಗಳೂ ವಿಡಿಯೋಗಳೂ ಬಹುಪಾಲು 40–50 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ ವಾಸಿಸುವವರಿಗಾಗಿ ತಯಾರಾದವು. ನಾವಿರುವುದು ಸುಮಾರು 11.5 ರಿಂದ 18.5 ಡಿಗ್ರಿಯ ನಡುವೆ. ಹೊಸಬರ ಗೊಂದಲಗಳಲ್ಲಿ ಹಲವು ಈ ವ್ಯತ್ಯಾಸದಿಂದಲೇ ಹುಟ್ಟುತ್ತವೆ.

## ಮೊದಲ ಹೆಜ್ಜೆಗಳು

ನನ್ನ ಹತ್ತಿರ ಟೆಲಿಸ್ಕೋಪ್ ಇಲ್ಲ. ಬರಿಗಣ್ಣಿಗೆ ನಿಜವಾಗಿ ಏನೇನು ಕಾಣುತ್ತದೆ?

ಬುಧ, ಶುಕ್ರ, ಮಂಗಳ, ಗುರು, ಶನಿ ಎಂಬ ಐದು ಗ್ರಹಗಳು, ಚಂದ್ರನ ಮೇಲಿನ ಕಪ್ಪು ಬಯಲುಗಳು, ಉಲ್ಕೆಗಳು, ಕೃತಕ ಉಪಗ್ರಹಗಳು, ಆಗೊಮ್ಮೆ ಈಗೊಮ್ಮೆ ಒಂದು ಧೂಮಕೇತು, ಕತ್ತಲೆಯ ಜಾಗದಲ್ಲಾದರೆ ಒಂದೇ ಹೊತ್ತಿಗೆ ಎರಡು ಸಾವಿರಕ್ಕೂ ಮಿಕ್ಕ ನಕ್ಷತ್ರಗಳು, ಜೊತೆಗೆ 25 ಲಕ್ಷ ಜ್ಯೋತಿರ್ವರ್ಷ ದೂರದ ಒಂದು ಗೆಲಾಕ್ಸಿ. ಕೆಪ್ಲರ್ ಗ್ರಹಚಲನೆಯ ನಿಯಮಗಳನ್ನು ಕಂಡುಕೊಂಡದ್ದು ಟೈಕೋ ಬ್ರಾಹೆಯ ಅಳತೆಗಳಿಂದ. ಟೈಕೋ ತೀರಿಕೊಂಡದ್ದು 1601ರಲ್ಲಿ, ಆಕಾಶದತ್ತ ದೂರದರ್ಶಕ ತಿರುಗುವುದಕ್ಕೂ ಮೊದಲು. ದೂರದರ್ಶಕ ತೋರಿಸುವುದು ಆಕಾಶದ ಅತಿ ಚಿಕ್ಕ ತುಣುಕನ್ನು ಮಾತ್ರ. ಆ ತುಣುಕು ಎಲ್ಲಿದೆ ಎಂದು ಹುಡುಕುವ ಕೆಲಸ ಕಣ್ಣಿನದೇ ಆದ್ದರಿಂದ, ಕೊಳ್ಳುವ ಆಸೆ ಇದ್ದವರೂ ಮೊದಲ ಒಂದು ವರ್ಷ ಬರಿಗಣ್ಣಿನಲ್ಲೇ ಕಳೆಯುವುದು ಒಳ್ಳೆಯದೆಂಬುದು ನನ್ನ ಅಭಿಪ್ರಾಯ.

ಬೆಂಗಳೂರಿನ ಮಹಡಿಯಿಂದ ಏನಾದರೂ ಕಂಡೀತೇ, ಇಲ್ಲ ಊರಾಚೆ ಹೋಗಲೇಬೇಕೇ?

ಕಲಿಯುವುದಕ್ಕೆ ಮಹಡಿಯೇ ವಾಸಿ. ನಕ್ಷತ್ರಗಳ ಪ್ರಕಾಶವನ್ನು ಕಾಂತಿಮಾನ ಎಂಬ ಅಂಕಿಯಲ್ಲಿ ಹೇಳುತ್ತಾರೆ. ಅಂಕಿ ಹೆಚ್ಚಾದಷ್ಟೂ ನಕ್ಷತ್ರ ಮಂಕು, ಐದು ಅಂಕಿಯ ಅಂತರವೆಂದರೆ ನೂರು ಪಟ್ಟು ವ್ಯತ್ಯಾಸ. ಒಳ್ಳೆಯ ಕತ್ತಲಲ್ಲಿ 6ರವರೆಗೆ ಕಾಣುವ ಕಣ್ಣಿಗೆ ನಗರದ ನಡುವೆ 3ರ ಆಸುಪಾಸಿನಲ್ಲೇ ತಡೆಯಾಗುತ್ತದೆ. ಆದರೆ ಗ್ರಹಗಳೂ ಮುಖ್ಯ ನಕ್ಷತ್ರಗಳೂ ಆ ಮಿತಿಯೊಳಗೇ ಇವೆ. ಮಂಕು ನಕ್ಷತ್ರಗಳು ಅಳಿಸಿಹೋಗಿರುವುದರಿಂದ ಆಕೃತಿಗಳು ಹೊಸಬರಿಗೆ ಇನ್ನೂ ಸ್ಪಷ್ಟವಾಗಿಯೇ ತೋರುತ್ತವೆ. ಆಕಾಶಗಂಗೆ ಬೇಕೆಂದರೆ ಮಾತ್ರ ಅಮಾವಾಸ್ಯೆಯ ಆಸುಪಾಸಿನಲ್ಲಿ ನಗರದ ಬೆಳಕಿನಿಂದ ದೂರ ಹೋಗಬೇಕು. ಮಳೆಗಾಲ ತೊಳೆದು ಹೋದ ಮೇಲೆ, ನವೆಂಬರ್‌ನಿಂದ ಫೆಬ್ರವರಿಯವರೆಗೆ, ನಮ್ಮಲ್ಲಿ ಮೋಡದ ಕಾಟ ಸಾಮಾನ್ಯವಾಗಿ ಕಡಿಮೆ.

ಎಷ್ಟು ಹೊತ್ತು ಕತ್ತಲಲ್ಲಿ ಕೂತರೆ ಕಣ್ಣು ಹೊಂದಿಕೊಳ್ಳುತ್ತದೆ?

20ರಿಂದ 30 ನಿಮಿಷ. ಮಂದ ಬೆಳಕನ್ನು ಗ್ರಹಿಸುವ ಕಣ್ಣಿನ ಕೋಶಗಳಲ್ಲಿ ಅದಕ್ಕೆ ಬೇಕಾದ ರಾಸಾಯನಿಕ ನಿಧಾನವಾಗಿ ಕೂಡಿಕೊಳ್ಳುತ್ತದೆ. ಮೊಬೈಲ್ ಪರದೆಯನ್ನು ಒಮ್ಮೆ ನೋಡಿದರೂ ಆ ಗಳಿಕೆಯ ದೊಡ್ಡ ಪಾಲು ಕೈತಪ್ಪುತ್ತದೆ. ಟಾರ್ಚ್ ಬೇಕೇ ಬೇಕೆಂದರೆ ಅದರ ಬಾಯಿಗೆ ಕೆಂಪು ಬಣ್ಣದ ಪಾರದರ್ಶಕ ಕಾಗದವನ್ನು ಎರಡು ಮಡಿಕೆ ಮಾಡಿ ಕಟ್ಟಿಕೊಳ್ಳಬೇಕು. ಈ ಕೋಶಗಳು ರೆಟಿನಾದ ನಟ್ಟನಡುವೆ ಇಲ್ಲದ ಕಾರಣ, ಮಂಕಾದ ವಸ್ತುವನ್ನು ನೇರವಾಗಿ ದಿಟ್ಟಿಸಿದರೆ ಅದು ಮಾಯವಾಗುತ್ತದೆ, ಸ್ವಲ್ಪ ಪಕ್ಕಕ್ಕೆ ದೃಷ್ಟಿ ಇಟ್ಟರೆ ತಿರುಗಿ ಕಾಣಿಸಿಕೊಳ್ಳುತ್ತದೆ. ಕೃತ್ತಿಕೆಯ ಗುಂಪಿನ ಮೇಲೆ ಇದನ್ನು ಪರೀಕ್ಷಿಸಿ ನೋಡಬಹುದು.

'ದಿಗಂತದಿಂದ 20 ಡಿಗ್ರಿ ಮೇಲೆ' ಎಂದು ಬರೆಯುತ್ತೀರಿ. ಅದನ್ನು ಅಳೆಯುವುದು ಹೇಗೆ?

ತೋಳನ್ನು ಪೂರ್ತಿ ಚಾಚಿ ಮುಷ್ಟಿ ಹಿಡಿದರೆ ಅದರ ಅಗಲ ಸುಮಾರು 10 ಡಿಗ್ರಿ, ನಡುವಿನ ಮೂರು ಬೆರಳು ಸೇರಿದರೆ 5 ಡಿಗ್ರಿ, ಕಿರುಬೆರಳು 1 ಡಿಗ್ರಿ. ಮಕ್ಕಳ ಕೈ ಚಿಕ್ಕದಾದರೂ ತೋಳೂ ಅದೇ ಪ್ರಮಾಣದಲ್ಲಿ ಮೋಟಾಗಿರುವುದರಿಂದ ಲೆಕ್ಕ ಅವರಿಗೂ ಸರಿಹೋಗುತ್ತದೆ. ದಿಗಂತದಿಂದ ನೆತ್ತಿಗೆ ಒಂಬತ್ತು ಮುಷ್ಟಿ. ಹುಣ್ಣಿಮೆಯ ಚಂದ್ರ ಎಷ್ಟೇ ದೊಡ್ಡದೆನಿಸಿದರೂ ಅರ್ಧ ಡಿಗ್ರಿ ಮಾತ್ರ, ಕಿರುಬೆರಳಿನ ಮರೆಯಲ್ಲಿ ಪೂರ್ತಿ ಅಡಗುತ್ತದೆ.

## ದಿಕ್ಕು, ಕಾಲ, ಪಂಚಾಂಗ

ಧ್ರುವ ನಕ್ಷತ್ರ ಎಲ್ಲಕ್ಕಿಂತ ಪ್ರಕಾಶಮಾನ ಅಂತ ಕೇಳಿದ್ದೆ. ನಮ್ಮೂರಲ್ಲಿ ಅಂಥದ್ದೇನೂ ಕಾಣುತ್ತಿಲ್ಲವಲ್ಲ?

ಕೇಳಿದ್ದು ತಪ್ಪು ಮಾಹಿತಿ. ಧ್ರುವದ ಕಾಂತಿಮಾನ ಸುಮಾರು 2. ಪ್ರಕಾಶದ ಪಟ್ಟಿಯಲ್ಲಿ ಅದರ ಸ್ಥಾನ ಐವತ್ತರ ಹತ್ತಿರ. ಅದರ ಹೆಗ್ಗಳಿಕೆ ಇರುವುದು ಭೂಮಿಯ ಅಕ್ಷದ ನೇರಕ್ಕೆ ಬಹಳ ಹತ್ತಿರದಲ್ಲಿದ್ದು ಕದಲದಂತೆ ತೋರುವುದರಲ್ಲಿ. ಯಾವ ಊರಿನಲ್ಲೇ ಆಗಲಿ, ಧ್ರುವವು ದಿಗಂತದಿಂದ ಎಷ್ಟು ಡಿಗ್ರಿ ಮೇಲಿದೆಯೋ ಆ ಊರಿನ ಅಕ್ಷಾಂಶವೂ ಹೆಚ್ಚುಕಡಿಮೆ ಅಷ್ಟೇ. ಹೀಗಾಗಿ ಬೆಂಗಳೂರಿನಲ್ಲಿ ಅದು ಬರೇ 13 ಡಿಗ್ರಿ, ಅಂದರೆ ಒಂದು ಮುಷ್ಟಿ ಮತ್ತು ಎರಡು ಬೆರಳಿನಷ್ಟು ಎತ್ತರದಲ್ಲಿ ಇರುತ್ತದೆ. ಬೀದರಿನಲ್ಲಿ ಸುಮಾರು 18 ಡಿಗ್ರಿ. ಉತ್ತರಕ್ಕೆ ಒಂದು ಮೂರಂತಸ್ತಿನ ಮನೆ ಇದ್ದರೂ ಮರೆಯಾಯಿತು. ಸಪ್ತರ್ಷಿ ಮಂಡಲವು ಧ್ರುವದ ಸುತ್ತ ವರ್ಷವಿಡೀ ಮುಳುಗದೆ ತಿರುಗುತ್ತದೆ ಎಂದು ಪಾಶ್ಚಾತ್ಯ ಪುಸ್ತಕಗಳಲ್ಲಿ ಓದುವುದೂ ನಮಗೆ ಅನ್ವಯಿಸುವುದಿಲ್ಲ, ಏಕೆಂದರೆ ಇಲ್ಲಿ ಅದು ಮೂಡಿ ಮುಳುಗುತ್ತದೆ.

ಹುಡುಕುವ ಕ್ರಮ ಹೀಗಿದೆ. ಏಪ್ರಿಲ್ ಕೊನೆಯ ವಾರಗಳಲ್ಲಿ ರಾತ್ರಿ 9ರ ಹೊತ್ತಿಗೆ ಉತ್ತರಕ್ಕೆ ಮುಖ ಮಾಡಿ ನಾಲ್ಕೈದು ಮುಷ್ಟಿ ಮೇಲೆ ನೋಡಿದರೆ ಸಪ್ತರ್ಷಿ ಮಂಡಲ ಬೋರಲಾಗಿ ಕಾಣುತ್ತದೆ. ಅದರ ಚೌಕದ ಹೊರ ಅಂಚಿನಲ್ಲಿರುವ ಪುಲಹ, ಕ್ರತು ಎಂಬ ಎರಡು ನಕ್ಷತ್ರಗಳ ನಡುವಿನ ಅಂತರ ಮೂರು ಬೆರಳಿನಷ್ಟು. ಪುಲಹದಿಂದ ಕ್ರತುವಿನ ಕಡೆಗೆ ಗೆರೆ ಎಳೆದು, ಅದೇ ಅಂತರದ ಐದು ಪಟ್ಟು ಕೆಳಕ್ಕೆ ಮುಂದುವರಿಸಿದರೆ ಸಿಗುವುದೇ ಧ್ರುವ. ನವೆಂಬರ್ ಸಂಜೆಗಳಲ್ಲಿ ಸಪ್ತರ್ಷಿ ಇರುವುದಿಲ್ಲ. ಆಗ ನಮ್ಮ ಪುಸ್ತಕಗಳು ಕುಂತಿ ಎಂದು ಕರೆಯುವ ಕ್ಯಾಸಿಯೋಪಿಯಾದ ನಡುವಿನ ನಕ್ಷತ್ರದಿಂದ ಮೂರು ಮುಷ್ಟಿ ಕೆಳಗೆ ಹುಡುಕಬೇಕು.

ಹೋದ ತಿಂಗಳು ಎಂಟು ಗಂಟೆಗೆ ಕಂಡ ನಕ್ಷತ್ರ ಈ ತಿಂಗಳು ಅದೇ ಹೊತ್ತಿಗೆ ಅಲ್ಲಿಲ್ಲ. ಯಾಕೆ?

ಪ್ರತಿ ನಕ್ಷತ್ರವೂ ದಿನಕ್ಕೆ ಸುಮಾರು 4 ನಿಮಿಷ ಮುಂಚಿತವಾಗಿ ಮೂಡುತ್ತದೆ. ತಿಂಗಳಿಗೆ ಅದು ಎರಡು ಗಂಟೆಯಾಗುತ್ತದೆ. ಹೀಗಾಗಿ ಜನವರಿಯಲ್ಲಿ ರಾತ್ರಿ 10ಕ್ಕೆ ಕಂಡ ಆಕಾಶವೇ ಫೆಬ್ರವರಿಯಲ್ಲಿ 8ಕ್ಕೆ ಕಾಣುತ್ತದೆ. ಕೆಳಗೆ ಕೊಟ್ಟಿರುವ ತಿಂಗಳು ಮತ್ತು ವೇಳೆಗಳನ್ನೆಲ್ಲ ಇದೇ ಲೆಕ್ಕದಲ್ಲಿ ಹಿಂದೆ ಮುಂದೆ ಸರಿಸಿಕೊಳ್ಳಬಹುದು.

ಆರಿದ್ರಾ ಮಳೆ ಸುರಿಯುವಾಗ ಆರಿದ್ರಾ ನಕ್ಷತ್ರ ಆಕಾಶದಲ್ಲಿ ಎಲ್ಲಿರುತ್ತದೆ?

ಸೂರ್ಯನ ಬೆಳಕಿನಲ್ಲಿ ಮುಳುಗಿರುತ್ತದೆ. ರೈತರು ಎಣಿಸುವ ಭರಣಿ, ಕೃತ್ತಿಕೆ, ರೋಹಿಣಿ, ಮೃಗಶಿರಾ, ಆರಿದ್ರಾ ಮಳೆಗಳ ಹೆಸರು ಬಂದಿರುವುದು ಆ ಹೊತ್ತಿಗೆ ಸೂರ್ಯ ಯಾವ ನಕ್ಷತ್ರದ ಭಾಗದಲ್ಲಿದ್ದಾನೆ ಎಂಬುದರಿಂದ. ಆಕಾಶದಲ್ಲಿ ಸೂರ್ಯ ಸಾಗುವ ದಾರಿಯಾದ ಕ್ರಾಂತಿವೃತ್ತವನ್ನು 27 ಸಮಭಾಗ ಮಾಡಿದರೆ ಒಂದೊಂದು ಭಾಗವೂ 13 ಡಿಗ್ರಿ 20 ಕಲೆ (60 ಕಲೆ ಸೇರಿದರೆ ಒಂದು ಡಿಗ್ರಿ). ಸೂರ್ಯ ಅದನ್ನು ದಾಟಲು ಹದಿಮೂರು ಹದಿನಾಲ್ಕು ದಿನ ತೆಗೆದುಕೊಳ್ಳುತ್ತಾನೆ, ಒಂದೊಂದು ಮಳೆಯ ಅವಧಿಯೂ ಅಷ್ಟೇ. ಜೂನ್ 22ರ ಸುಮಾರಿಗೆ ಆರಿದ್ರಾ ಮಳೆ ಹುಟ್ಟುವಾಗ ಆ ನಕ್ಷತ್ರ ಹಗಲಲ್ಲಿ ಸೂರ್ಯನ ಜೊತೆಗೇ ಮೂಡಿ ಜೊತೆಗೇ ಮುಳುಗುತ್ತಿರುತ್ತದೆ. ಆರು ತಿಂಗಳು ಕಳೆದು ಡಿಸೆಂಬರ್ ಕೊನೆಗೆ ಅದೇ ಆರಿದ್ರೆ ಸಂಜೆ ಪೂರ್ವದಲ್ಲಿ ಮೂಡಿ ರಾತ್ರಿಯೆಲ್ಲ ಕಾಣುತ್ತದೆ. ಆದ್ದರಿಂದ ಮಳೆ ನಕ್ಷತ್ರಗಳ ಪಟ್ಟಿ ಬಾಯಿಪಾಠ ಇರುವವರಿಗೆ ವರ್ಷದ ಯಾವ ಕಾಲದಲ್ಲಿ ಸೂರ್ಯ ಎಲ್ಲಿದ್ದಾನೆ ಎಂಬುದು ಆಗಲೇ ಗೊತ್ತಿದೆ; ಅದರಿಂದ ಅರ್ಧ ಸುತ್ತು ಆಚೆಗಿರುವ ನಕ್ಷತ್ರಗಳು ಆ ಕಾಲದ ನಡುರಾತ್ರಿಯಲ್ಲಿ ಎತ್ತರದಲ್ಲಿರುತ್ತವೆ.

ಗೋಡೆಯ ಕ್ಯಾಲೆಂಡರಿನಲ್ಲಿ ದಿನಕ್ಕೊಂದು ನಕ್ಷತ್ರ ಕೊಟ್ಟಿರುತ್ತಾರೆ. ಅದನ್ನು ನೋಡಿ ನಕ್ಷತ್ರ ಗುರುತಿಸಬಹುದೇ?

ಗುರುತಿಸಬಹುದು, ಇದಕ್ಕಿಂತ ಅಗ್ಗದ ಸಾಧನ ಬೇರೆ ಇಲ್ಲ. ಆ ನಕ್ಷತ್ರ ಸೂಚಿಸುವುದು ಚಂದ್ರನ ಸ್ಥಾನವನ್ನು. ಚಂದ್ರ ದಿನಕ್ಕೆ ಸುಮಾರು 13 ಡಿಗ್ರಿ ಪೂರ್ವಕ್ಕೆ ಸರಿಯುವುದರಿಂದ ದಿನಕ್ಕೊಂದು ನಕ್ಷತ್ರದಂತೆ ದಾಟಿಹೋಗುತ್ತಾನೆ. ಕ್ಯಾಲೆಂಡರ್ ರೋಹಿಣಿ ಎಂದಿರುವ ರಾತ್ರಿ ಚಂದ್ರನ ಹತ್ತಿರ ಕಾಣುವ ಕಿತ್ತಳೆ ಬಣ್ಣದ ನಕ್ಷತ್ರವೇ ರೋಹಿಣಿ. ಮಘಾ, ಚಿತ್ತಾ, ಜ್ಯೇಷ್ಠಾಗಳನ್ನೂ ಹೀಗೆಯೇ ಹಿಡಿಯಬಹುದು. ಈ ನಾಲ್ಕನ್ನೂ ಚಂದ್ರ ಕೆಲವು ವರ್ಷಗಳಲ್ಲಿ ಪೂರ್ತಿ ಮರೆಮಾಡುವುದೂ ಉಂಟು. ಆದರೆ ಪಂಚಾಂಗದ ಭಾಗಗಳು ಸಮ ಅಳತೆಯವು, ನಕ್ಷತ್ರಗಳು ಹಾಗೆ ಸಮನಾಗಿ ಹರಡಿಲ್ಲ. ಆರಿದ್ರೆ ಚಂದ್ರನ ದಾರಿಯಿಂದ ಹದಿನಾರು ಡಿಗ್ರಿ ದಕ್ಷಿಣಕ್ಕಿದೆ, ಸ್ವಾತಿ ಮೂರು ಮುಷ್ಟಿ ಉತ್ತರಕ್ಕಿದೆ. ಅವನ್ನು ಚಂದ್ರನ ಮಗ್ಗುಲಲ್ಲಿ ಹುಡುಕಿ ಪ್ರಯೋಜನವಿಲ್ಲ. ಮಾಸಗಳ ಹೆಸರೂ ಉಪಯೋಗಕ್ಕೆ ಬರುತ್ತದೆ: ಕಾರ್ತಿಕ ಹುಣ್ಣಿಮೆಯ ಚಂದ್ರ ಕೃತ್ತಿಕೆಯ ಆಸುಪಾಸಿನಲ್ಲಿ, ಚೈತ್ರದ ಚಂದ್ರ ಚಿತ್ತೆಯ ಆಸುಪಾಸಿನಲ್ಲಿ ಇರುತ್ತಾನೆ.

ಇಂಗ್ಲಿಷ್ ಪತ್ರಿಕೆಯ ರಾಶಿಗೂ ಪಂಚಾಂಗದ ರಾಶಿಗೂ ಹೊಂದುವುದಿಲ್ಲ. ಆಕಾಶ ನೋಡಲು ಯಾವುದನ್ನು ಹಿಡಿಯಲಿ?

ಪಂಚಾಂಗದ್ದನ್ನು. ಭೂಮಿಯ ಅಕ್ಷ ನಿಧಾನವಾಗಿ ತಿರುಗುವುದರಿಂದ ಎರಡರ ನಡುವೆ ಈಗ ಸುಮಾರು 24 ಡಿಗ್ರಿ ವ್ಯತ್ಯಾಸ ಬಿದ್ದಿದೆ. ನಕ್ಷತ್ರಗಳನ್ನೇ ಆಧಾರವಾಗಿಟ್ಟುಕೊಂಡ ನಿರಯನ ಪದ್ಧತಿಯ ನಮ್ಮ ಪಂಚಾಂಗದಲ್ಲಿ ಗುರು ಯಾವ ರಾಶಿಯಲ್ಲಿದ್ದಾನೆ ಎಂದಿದೆಯೋ ಆಕಾಶದಲ್ಲೂ ಹೆಚ್ಚುಕಡಿಮೆ ಆ ನಕ್ಷತ್ರಪುಂಜದಲ್ಲೇ ಕಾಣುತ್ತಾನೆ. ಫಲಜ್ಯೋತಿಷದ ಮಾತು ಬೇರೆ, ಅದು ಈ ಪುಟದ ವಿಷಯವಲ್ಲ.

## ಆಕೃತಿಗಳು ಮತ್ತು ನಕ್ಷತ್ರಗಳು

ಎಲ್ಲಿಂದ ಶುರು ಮಾಡಲಿ? ಒಂದೇ ಒಂದು ಆಕೃತಿ ಹೇಳಿ.

ಮಹಾವ್ಯಾಧ, ಅಂದರೆ ಒರಾಯನ್. ಜನವರಿ ಕೊನೆಗೆ ರಾತ್ರಿ 9ರ ಹೊತ್ತಿಗೆ ನೆತ್ತಿಯಿಂದ ಸ್ವಲ್ಪ ದಕ್ಷಿಣಕ್ಕೆ, ಒಂದೇ ಸಾಲಿನಲ್ಲಿ ಸಮ ಅಂತರದಲ್ಲಿ ನಿಂತ ಮೂರು ನಕ್ಷತ್ರಗಳು ಕಾಣುತ್ತವೆ. ಇಡೀ ಸಾಲಿನ ಉದ್ದ ಮೂರು ಡಿಗ್ರಿಗಿಂತ ಕಡಿಮೆ. ಇದು ವ್ಯಾಧನ ನಡುಪಟ್ಟಿ. ಸಾಲಿನ ಉತ್ತರಕ್ಕೆ ಕೆಂಪು ಛಾಯೆಯ ಆರಿದ್ರೆ, ದಕ್ಷಿಣಕ್ಕೆ ನೀಲಿಬಿಳುಪಿನ ರೈಜೆಲ್. ಎರಡನ್ನೂ ಒಂದಾದ ಮೇಲೊಂದರಂತೆ ನೋಡಿದರೆ ನಕ್ಷತ್ರಗಳಿಗೆ ಬಣ್ಣವಿದೆ ಎಂಬ ಮಾತಿಗೆ ಬೇರೆ ಸಾಕ್ಷಿ ಬೇಡ.

ಪಟ್ಟಿಯ ಗೆರೆಯನ್ನು ಆಗ್ನೇಯಕ್ಕೆ ಎರಡು ಮುಷ್ಟಿ ಮುಂದುವರಿಸಿದರೆ ಲುಬ್ಧಕ ಸಿಗುತ್ತದೆ. ಇಡೀ ರಾತ್ರಿಯಾಕಾಶದಲ್ಲಿ ಅತಿ ಪ್ರಕಾಶದ ನಕ್ಷತ್ರ ಇದೇ, ದೂರ 8.6 ಜ್ಯೋತಿರ್ವರ್ಷ. ವಾಯವ್ಯಕ್ಕೆ ಎರಡು ಮುಷ್ಟಿಗೆ ರೋಹಿಣಿ, ಅಲ್ಲಿಂದ ಒಂದೂವರೆ ಮುಷ್ಟಿ ಮುಂದೆ ಕೃತ್ತಿಕೆಯ ಗೊಂಚಲು. ಪಟ್ಟಿಯ ಮೂರು ನಕ್ಷತ್ರಗಳು ಆಕಾಶದ ವಿಷುವದ್ವೃತ್ತಕ್ಕೆ, ಅಂದರೆ ಭೂಮಧ್ಯರೇಖೆಯ ನೇರಕ್ಕೆ ಆಕಾಶದಲ್ಲಿ ಹಾಯುವ ಗೆರೆಗೆ, ಅಂಟಿಕೊಂಡಂತೆ ಇರುವುದರಿಂದ ಹೆಚ್ಚುಕಡಿಮೆ ಸರಿಯಾಗಿ ಪೂರ್ವದಲ್ಲೇ ಮೂಡಿ ಪಶ್ಚಿಮದಲ್ಲೇ ಮುಳುಗುತ್ತವೆ; ದಿಕ್ಸೂಚಿ ಇಲ್ಲದಾಗ ಇದನ್ನು ನೆನಪಿಡಬೇಕು. ಚಿತ್ರಗಳಲ್ಲಿ ವ್ಯಾಧ ನೆಟ್ಟಗೆ ನಿಂತಿರುತ್ತಾನೆ, ನಮ್ಮ ಪೂರ್ವ ದಿಗಂತದಲ್ಲಾದರೋ ಮಗ್ಗುಲಾಗಿ ಮಲಗಿಕೊಂಡೇ ಏಳುತ್ತಾನೆ.

ಬೇಸಿಗೆಯಲ್ಲಿ ಮಹಾವ್ಯಾಧ ಮುಳುಗಿದ ಮೇಲೆ ಯಾವುದನ್ನು ಆಧಾರವಾಗಿ ಇಟ್ಟುಕೊಳ್ಳಲಿ?

ಸಪ್ತರ್ಷಿ ಮಂಡಲದ ಬಾಲವನ್ನು. ಆ ಬಾಗಿದ ಗೆರೆಯನ್ನು ಅದೇ ಬಾಗಿನಲ್ಲಿ ಮೂರು ಮುಷ್ಟಿ ಮುಂದಕ್ಕೆ ಎಳೆದರೆ ಕಿತ್ತಳೆ ಬಣ್ಣದ ಸ್ವಾತಿ, ಇನ್ನೂ ಮೂರು ಮುಷ್ಟಿ ಎಳೆದರೆ ಬೆಳ್ಳನೆಯ ಚಿತ್ತಾ. ಚಿತ್ತೆಯಿಂದ ನೈರುತ್ಯಕ್ಕೆ ಒಂದೂವರೆ ಮುಷ್ಟಿ ದೂರದಲ್ಲಿ ವಕ್ರ ಚತುರ್ಭುಜದಂತೆ ಕಾಣುವುದು ಹಸ್ತಾ.

ಮದುವೆಯಲ್ಲಿ ಅರುಂಧತಿ ನಕ್ಷತ್ರ ತೋರಿಸುತ್ತಾರೆ. ನನ್ನ ಮದುವೆಯಲ್ಲಿ ಹಗಲು ಹನ್ನೊಂದಕ್ಕೆ ತೋರಿಸಿದರು, ನಾನೂ ತಲೆಯಾಡಿಸಿದೆ. ನಿಜವಾಗಿ ಅದು ಎಲ್ಲಿದೆ?

ಹನ್ನೊಂದು ಗಂಟೆಗೆ ತಲೆಯಾಡಿಸಿದವರ ಸಂಖ್ಯೆ ದೊಡ್ಡದು. ಸಪ್ತರ್ಷಿಯ ಬಾಲದಲ್ಲಿ ತುದಿಯ ಮರೀಚಿಯನ್ನು ಬಿಟ್ಟು ಎರಡನೆಯದು ವಸಿಷ್ಠ. ಅದಕ್ಕೆ ಅಂಟಿಕೊಂಡಂತಿರುವ ಸಣ್ಣ ಚುಕ್ಕೆ ಅರುಂಧತಿ. ಇಬ್ಬರ ನಡುವಿನ ಅಂತರ 12 ಕಲೆ, ಅಂದರೆ ಚಂದ್ರಬಿಂಬದ ಅರ್ಧಕ್ಕೂ ಕಡಿಮೆ. ಅರುಂಧತಿಯ ಕಾಂತಿಮಾನ 4 ಆದ್ದರಿಂದ ನಗರದ ನಡುವೆ ಕಾಣುವುದು ಕಷ್ಟ, ಪಟ್ಟಣದ ಅಂಚಿನಿಂದ ಸರಿಯಾದ ದೃಷ್ಟಿಯವರಿಗೆ ಕಷ್ಟವಿಲ್ಲ. ಮೊದಲು ಹತ್ತಿರದ ದೊಡ್ಡ ನಕ್ಷತ್ರವನ್ನು ತೋರಿಸಿ, ಅಲ್ಲಿ ಕಣ್ಣು ನೆಲೆಸಿದ ಮೇಲೆ ಚಿಕ್ಕದನ್ನು ತೋರಿಸುವ ಕ್ರಮಕ್ಕೆ ನಮ್ಮ ಶಾಸ್ತ್ರಕಾರರು ಸ್ಥೂಲಾರುಂಧತೀ ನ್ಯಾಯ ಎಂಬ ಹೆಸರನ್ನೇ ಇಟ್ಟಿದ್ದಾರೆ. ಬರಿಗಣ್ಣಿನ ವೀಕ್ಷಣೆಯ ವಿಧಾನವೆಲ್ಲ ಅದೇ ಆಗಿದೆ. ಈ ಪುಟದ ಎಲ್ಲ ಮುಷ್ಟಿ ಲೆಕ್ಕಗಳೂ ಅದನ್ನೇ ಅನುಸರಿಸುತ್ತವೆ.

ಅಗಸ್ತ್ಯ, ತ್ರಿಶಂಕು ದಕ್ಷಿಣ ಗೋಳಾರ್ಧದವರಿಗೆ ಮಾತ್ರ ಅಂತಾರಲ್ಲ, ನಮಗೆ ಕಾಣುವುದಿಲ್ಲವೇ?

ಚೆನ್ನಾಗಿ ಕಾಣುತ್ತವೆ, ನಮ್ಮ ಅಕ್ಷಾಂಶದ ದೊಡ್ಡ ಲಾಭವೇ ಇದು. ಆಕಾಶದ ಎರಡನೆಯ ಅತಿ ಪ್ರಕಾಶದ ನಕ್ಷತ್ರವಾದ ಅಗಸ್ತ್ಯವು ಬೆಂಗಳೂರಿನ ದಕ್ಷಿಣ ದಿಗಂತದಿಂದ ಗರಿಷ್ಠ 24 ಡಿಗ್ರಿ ಏರುತ್ತದೆ, ದೆಹಲಿಯಲ್ಲಿ 9 ಡಿಗ್ರಿಯನ್ನೂ ಮುಟ್ಟುವುದಿಲ್ಲ, ಲಂಡನ್ನಿನಲ್ಲಿ ಮೂಡುವುದೇ ಇಲ್ಲ. ಫೆಬ್ರವರಿಯಲ್ಲಿ ರಾತ್ರಿ 9ಕ್ಕೆ ಲುಬ್ಧಕದಿಂದ ಮೂರೂವರೆ ಮುಷ್ಟಿ ಕೆಳಗೆ ಅದನ್ನು ನೋಡಬೇಕು.

ಶಿಲುಬೆಯಾಕಾರದ ತ್ರಿಶಂಕುವಿಗೆ ಸರಿಯಾದ ಕಾಲ ಮೇ ಮಧ್ಯದ ರಾತ್ರಿ 9. ಆಗ ಅದು ನೇರ ದಕ್ಷಿಣದಲ್ಲಿ ನೆಟ್ಟಗೆ ನಿಂತಿರುತ್ತದೆ. ಶಿಲುಬೆಯ ನಡುಭಾಗ ಬೆಂಗಳೂರು, ಮೈಸೂರು, ಮಂಗಳೂರುಗಳಲ್ಲಿ ಸುಮಾರು 17 ಡಿಗ್ರಿ, ಬೀದರಿನಲ್ಲಿ 12 ಡಿಗ್ರಿ. ಅತ್ತ ಸ್ವರ್ಗಕ್ಕೂ ಸಲ್ಲದೆ ಇತ್ತ ಭೂಮಿಗೂ ಇಳಿಯದೆ ನಿಂತ ರಾಜನ ಕತೆಗೆ ಈ ಎತ್ತರ ಚೆನ್ನಾಗಿಯೇ ಒಪ್ಪುತ್ತದೆ. ಮಾರ್ಚ್ ಕೊನೆಯ ರಾತ್ರಿಗಳಲ್ಲಿ ಇದಕ್ಕಿಂತ ದೊಡ್ಡದಾದ, ಮಂಕಾದ ಇನ್ನೊಂದು ಶಿಲುಬೆ ದಕ್ಷಿಣದಲ್ಲಿ ಕಂಡು ಹಲವರನ್ನು ಮೋಸಗೊಳಿಸುತ್ತದೆ. ನಿಜವಾದ ತ್ರಿಶಂಕುವಿನ ಹಿಂದೆ, ಅಂದರೆ ಪೂರ್ವಕ್ಕೆ, ಎರಡು ಪ್ರಖರ ನಕ್ಷತ್ರಗಳು ಜೊತೆಯಾಗಿ ಬರುತ್ತವೆ. ಅವುಗಳಲ್ಲಿ ಕೊನೆಗೆ ಬರುವ, ಹೆಚ್ಚು ಪ್ರಕಾಶದ್ದು ಆಲ್ಫಾ ಸೆಂಟಾರಿ. ಸೂರ್ಯನನ್ನು ಬಿಟ್ಟರೆ ನಮಗೆ ಅತಿ ಹತ್ತಿರದ ನಕ್ಷತ್ರವ್ಯೂಹ, ದೂರ ಸುಮಾರು 4.4 ಜ್ಯೋತಿರ್ವರ್ಷ. ದಕ್ಷಿಣಕ್ಕೆ ನಗರದ ಬೆಳಕು ಇಲ್ಲದ ಬಯಲು ಸಿಕ್ಕರೆ, ಅದೇ ರಾತ್ರಿ ಒಂದು ಗಂಟೆ ಬಿಟ್ಟು, ದಿಗಂತದಿಂದ ಮೂರು ಮುಷ್ಟಿ ಮೇಲೆ ಒಮೆಗಾ ಸೆಂಟಾರಿ ಎಂಬ ಗೋಳಗುಚ್ಛವನ್ನೂ ಹುಡುಕಬಹುದು. ಅಂಚು ಕರಗಿದ ನಕ್ಷತ್ರದಂತೆ ಕಾಣುವ ಅದರಲ್ಲಿ ಲಕ್ಷಾಂತರ ನಕ್ಷತ್ರಗಳಿವೆ.

## ಚಲಿಸುವವು

ಮಿನುಗಿದರೆ ನಕ್ಷತ್ರ, ಮಿನುಗದಿದ್ದರೆ ಗ್ರಹ. ಇಷ್ಟು ಸಾಕೇ?

ದಿಗಂತದ ಹತ್ತಿರ ಗ್ರಹವೂ ಮಿನುಗುತ್ತದೆ, ಆದ್ದರಿಂದ ಸಾಲದು. ಗ್ರಹಗಳು ಯಾವಾಗಲೂ ಸೂರ್ಯಚಂದ್ರರು ನಡೆಯುವ ದಾರಿಯಲ್ಲೇ ಇರುತ್ತವೆ ಎಂಬುದು ಹೆಚ್ಚು ಗಟ್ಟಿಯಾದ ಗುರುತು. ಉತ್ತರದ ಧ್ರುವದ ಬಳಿ ಪ್ರಖರವಾಗಿ ಏನು ಕಂಡರೂ ಅದು ಗ್ರಹವಲ್ಲ. ಹಳ್ಳಿಯಲ್ಲಿ ಬೆಳ್ಳಿ ಎಂದು ಕರೆಯುವ ಶುಕ್ರ ಸೂರ್ಯನಿಂದ 47 ಡಿಗ್ರಿಗಿಂತ ಆಚೆ ಹೋಗದ ಕಾರಣ ಸಂಜೆಯ ಪಶ್ಚಿಮದಲ್ಲೋ ಬೆಳಗಿನ ಪೂರ್ವದಲ್ಲೋ ಮಾತ್ರ ಕಾಣುತ್ತದೆ. ನಡುರಾತ್ರಿ ನೆತ್ತಿಯ ಮೇಲೆ ಅಷ್ಟೇ ಸ್ಥಿರವಾಗಿ ಬೆಳಗುವುದು ಬಹುತೇಕ ಗುರುವೇ. ಗುರು ಸುಮಾರು ವರ್ಷಕ್ಕೊಂದು ರಾಶಿ, ಶನಿ ಎರಡೂವರೆ ವರ್ಷಕ್ಕೊಂದು ರಾಶಿ ದಾಟುತ್ತಾರೆ. ಮಂಗಳ 26 ತಿಂಗಳಿಗೊಮ್ಮೆ ಪ್ರಖರವಾಗಿ ಕೆಂಪಗೆ ಬೆಳಗುತ್ತಾನೆ. ಮುಂದಿನ ಅಂಥ ಸಂದರ್ಭ 2027ರ ಫೆಬ್ರವರಿ.

ಬುಧ ಗ್ರಹವನ್ನು ಹಲವರು ಜೀವಮಾನದಲ್ಲೇ ನೋಡಿಲ್ಲವಂತೆ. ನಮಗೆ ಸಾಧ್ಯವೇ?

ಯೂರೋಪಿನವರಿಗಿಂತ ನಮಗೆ ಸುಲಭ. ಇಲ್ಲಿ ಗ್ರಹಗಳ ದಾರಿ ದಿಗಂತಕ್ಕೆ ಕಡಿದಾಗಿ ಇಳಿಯುತ್ತದೆ, ಬಿದಿಗೆಯ ಚಂದ್ರ ದೋಣಿಯಂತೆ ಅಂಗಾತ ಮಲಗಿರುವುದಕ್ಕೂ ಅದೇ ಕಾರಣ. ಸಂಜೆಗತ್ತಲೂ ಬೇಗ ಕವಿಯುತ್ತದೆ. ಬುಧ ಸೂರ್ಯನಿಂದ ಅತಿ ದೂರ ಸರಿದಿರುವ ವಾರವನ್ನು ಪಂಚಾಂಗದಲ್ಲೋ ಸ್ಟೆಲೇರಿಯಮ್‌ನಂಥ ಉಚಿತ ತಂತ್ರಾಂಶದಲ್ಲೋ ಗುರುತಿಸಿಕೊಂಡು, ಸೂರ್ಯ ಪೂರ್ತಿ ಮುಳುಗಿ ಅರ್ಧ ಗಂಟೆಯಾದ ಮೇಲೆ ಒಂದೂವರೆ ಮುಷ್ಟಿ ಎತ್ತರದೊಳಗೆ ಹುಡುಕಬೇಕು. ಸೂರ್ಯ ಮುಳುಗುವ ಮೊದಲು ಆ ಕಡೆ ದಿಟ್ಟಿಸಕೂಡದು. ಬೈನಾಕ್ಯುಲರ್ ಹಿಡಿದಂತೂ ಎಂದಿಗೂ ಕೂಡದು.

ಸದ್ದಿಲ್ಲದೆ ಹೋಗುತ್ತಿದ್ದ ಪ್ರಕಾಶದ ಚುಕ್ಕೆ ನಡುವಾಕಾಶದಲ್ಲೇ ಆರಿಹೋಯಿತು. ಏನದು?

ಕೃತಕ ಉಪಗ್ರಹ. ಅದಕ್ಕೆ ಸ್ವಂತ ಬೆಳಕಿಲ್ಲ. ಭೂಮಿಯ ನೆರಳಿಗೆ ಹೊಕ್ಕ ಕ್ಷಣ ಮರೆಯಾಗುತ್ತದೆ. ಬಹಳ ಪ್ರಕಾಶವಾಗಿದ್ದು ಕೆಲವು ನಿಮಿಷ ಕಂಡರೆ ಅದು ಸುಮಾರು 400 ಕಿಲೋಮೀಟರ್ ಎತ್ತರದ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣವಿರಬಹುದು. ರೈಲಿನ ಡಬ್ಬಿಗಳಂತೆ ಸಾಲುಗಟ್ಟಿ ಹೋಗುವವು 2019ರ ಮೇ ತಿಂಗಳಿನಿಂದ ಹಾರತೊಡಗಿದ ಸ್ಟಾರ್‌ಲಿಂಕ್ ಉಪಗ್ರಹಗಳು. ಕೆಂಪು ಹಸಿರು ದೀಪ ಮಿಟುಕಿಸಿದರೆ ವಿಮಾನ.

ಗಂಟೆಗೆ ನೂರು ಉಲ್ಕೆ ಅಂತ ಸುದ್ದಿಯಲ್ಲಿ ಬಂತು, ಚಾಪೆ ಹಾಕಿಕೊಂಡು ಮಲಗಿದರೆ ಐದೂ ಕಾಣಲಿಲ್ಲ. ಸುಳ್ಳೇ?

ಆ ಅಂಕಿ ಸುಳ್ಳಲ್ಲ, ಆದರೆ ಉಲ್ಕೆಗಳು ಹೊಮ್ಮುವಂತೆ ತೋರುವ ಬಿಂದು ನೆತ್ತಿಯಲ್ಲಿದ್ದು, ಆಕಾಶ ಕಗ್ಗತ್ತಲಾಗಿದ್ದರೆ ಎಷ್ಟು ಕಾಣಬಹುದೆಂಬ ಲೆಕ್ಕ ಅದು. ಪತ್ರಿಕೆಗಳು ಹೆಚ್ಚು ಸದ್ದು ಮಾಡುವ ಆಗಸ್ಟ್ 12–13ರ ಪರ್ಸೀಡ್ ಉಲ್ಕಾವರ್ಷದ ಬಿಂದು ನಮ್ಮಲ್ಲಿ ಬೆಳಗಿನ ಜಾವಕ್ಕೂ 45 ಡಿಗ್ರಿ ಎತ್ತರವಷ್ಟೇ ತಲುಪುತ್ತದೆ, ಮೇಲಾಗಿ ಅದು ಶ್ರಾವಣದ ಮೋಡದ ಕಾಲ. ಕರ್ನಾಟಕದವರು ವರ್ಷಕ್ಕೆ ಒಂದೇ ರಾತ್ರಿ ನಿದ್ದೆಗೆಡುವುದಾದರೆ ಡಿಸೆಂಬರ್ 13–14ರ ಜೆಮಿನಿಡ್‌ಗಾಗಿ ಕೆಡಬೇಕು: ಆಕಾಶ ತಿಳಿ, ಬಿಂದು ನಡುರಾತ್ರಿ ಕಳೆದ ಮೇಲೆ ನೆತ್ತಿಯ ಹತ್ತಿರ. ಮೇ 5–6ರ ಬೆಳಗಿನ ಜಾವದ ಈಟಾ ಅಕ್ವೇರಿಡ್ ಕೂಡ ಉತ್ತರದ ದೇಶಗಳಿಗಿಂತ ನಮಗೆ ಚೆನ್ನಾಗಿ ಕಾಣುತ್ತದೆ. ಅದು ಹ್ಯಾಲಿ ಧೂಮಕೇತು ಬಿಟ್ಟುಹೋದ ಧೂಳು.

## ಸ್ವಲ್ಪ ಅಭ್ಯಾಸವಾದವರಿಗೆ

ಬರಿಗಣ್ಣಿಗೆ ಕಾಣುವ ಅತಿ ದೂರದ ವಸ್ತು ಯಾವುದು, ಅದನ್ನು ಹುಡುಕುವುದು ಹೇಗೆ?

ಆಂಡ್ರೊಮಿಡಾ ಗೆಲಾಕ್ಸಿ. ನವೆಂಬರ್ ಮಧ್ಯದಲ್ಲಿ ರಾತ್ರಿ 9ಕ್ಕೆ ಉತ್ತರಕ್ಕೆ ಮುಖ ಮಾಡಿದರೆ ಕುಂತಿಯ ಐದು ನಕ್ಷತ್ರಗಳು ಇಂಗ್ಲಿಷಿನ 'ಎಂ' ಅಕ್ಷರದಂತೆ ಕಾಣುತ್ತವೆ. ಅದರ ಎರಡು ಶಿಖರಗಳಲ್ಲಿ ಎಡಗಡೆಯದು ಹೆಚ್ಚು ಚೂಪು; ಅದು ಬೆರಳು ಮಾಡಿದ ಕಡೆಗೆ ಒಂದೂವರೆ ಮುಷ್ಟಿ ಮೇಲಕ್ಕೆ ಹೋಗಿ, ನೇರವಾಗಿ ನೋಡದೆ ಪಕ್ಕಕ್ಕೆ ದೃಷ್ಟಿ ಇಟ್ಟರೆ ಉದ್ದನೆಯ ಮಸುಕು ಕಲೆಯೊಂದು ತೋರುತ್ತದೆ. ಫೋಟೋಗಳಲ್ಲಿ ಕಂಡ ಸುರುಳಿಯನ್ನು ಇಲ್ಲಿ ನಿರೀಕ್ಷಿಸಬಾರದು.

ನಕ್ಷತ್ರಗಳ ಬೆಳಕು ಹೆಚ್ಚುಕಡಿಮೆ ಆಗುವುದನ್ನು ಕಣ್ಣಿನಿಂದಲೇ ಅಳೆಯಬಹುದೇ?

ಪಕ್ಕದ ನಕ್ಷತ್ರಗಳೊಂದಿಗೆ ಹೋಲಿಸಿ ಅಳೆಯಬಹುದು. ಪಾರ್ಥ ಎಂದು ನಾವು ಕರೆಯುವ ಪರ್ಸಿಯಸ್ ಪುಂಜದ ಆಲ್ಗಾಲ್ ಇದಕ್ಕೆ ಹೇಳಿ ಮಾಡಿಸಿದ್ದು. ಅಲ್ಲಿ ಎರಡು ನಕ್ಷತ್ರಗಳು ಒಂದನ್ನೊಂದು ಸುತ್ತುತ್ತ, 2 ದಿನ 20 ಗಂಟೆ 49 ನಿಮಿಷಕ್ಕೊಮ್ಮೆ ಮಂಕಾದದ್ದು ಪ್ರಖರವಾದದ್ದಕ್ಕೆ ಅಡ್ಡ ಬರುತ್ತದೆ, ಕಾಂತಿಮಾನ 2.1ರಿಂದ 3.4ಕ್ಕೆ ಇಳಿದು ಮತ್ತೆ ಏರುವಷ್ಟರಲ್ಲಿ ಹತ್ತು ಗಂಟೆ ಕಳೆಯುತ್ತದೆ. ಆರಿದ್ರೆಯದು ಕ್ರಮವಿಲ್ಲದ ಏರಿಳಿತ. 2019ರ ಕೊನೆಯಿಂದ ಇಳಿಯತೊಡಗಿ 2020ರ ಫೆಬ್ರವರಿಯಲ್ಲಿ 1.6ರ ಮಟ್ಟಕ್ಕೆ ಬಿದ್ದಾಗ, ವ್ಯಾಧನ ಇನ್ನೊಂದು ಭುಜದ ನಕ್ಷತ್ರಕ್ಕೆ ಸಮನಾಗಿ ಅದು ಕಾಣುತ್ತಿತ್ತು. ಸ್ಫೋಟದ ಊಹೆಗಳು ಬಹಳ ಹರಿದಾಡಿದವು. ನಕ್ಷತ್ರವೇ ಹೊರಚೆಲ್ಲಿದ ಅನಿಲ ತಣ್ಣಗಾಗಿ ಧೂಳಾಗಿ ಬೆಳಕಿಗೆ ಅಡ್ಡವಾದದ್ದು ಮುಖ್ಯ ಕಾರಣವೆಂದು ಆಮೇಲಿನ ಅಧ್ಯಯನಗಳು ವಿವರಿಸಿದವು.

ಬೈನಾಕ್ಯುಲರ್ ಕೊಳ್ಳುವುದಾದರೆ ಯಾವುದು?

7×50 ಅಥವಾ 10×50. ಮೊದಲ ಅಂಕಿ ವರ್ಧನೆ, ಎರಡನೆಯದು ಮುಂದಿನ ಮಸೂರದ ಅಗಲ ಮಿಲಿಮೀಟರ್‌ಗಳಲ್ಲಿ. ಇನ್ನೂ ಹೆಚ್ಚು ವರ್ಧನೆಯದನ್ನು ಕೈಯಲ್ಲಿ ಅಲುಗದಂತೆ ಹಿಡಿಯಲಾಗುವುದಿಲ್ಲ. ಗೋಡೆಗೆ ಮೊಣಕೈ ಊರಿ ಹಿಡಿದರೆ ಗುರುವಿನ ನಾಲ್ಕು ದೊಡ್ಡ ಚಂದ್ರರೂ ಕೃತ್ತಿಕೆಯ ಹತ್ತಾರು ನಕ್ಷತ್ರಗಳೂ ಕಾಣುತ್ತವೆ.

ಯುರೇನಸ್ ಬರಿಗಣ್ಣಿಗೆ ಕಾಣುತ್ತದೆ ಎಂಬುದು ನಿಜವೇ?

ಕಾಂತಿಮಾನ ಸುಮಾರು 5.7 ಆದ್ದರಿಂದ ಮಿತಿಯೊಳಗೇ ಇದೆ. ಆದರೂ 1781ರಲ್ಲಿ ವಿಲಿಯಂ ಹರ್ಷೆಲ್ ದೂರದರ್ಶಕದಲ್ಲಿ ಕಾಣುವವರೆಗೆ ಯಾರೂ ಅದನ್ನು ಗ್ರಹವೆಂದು ಗುರುತಿಸಿರಲಿಲ್ಲ. 1690ರಲ್ಲಿ ಇಂಗ್ಲೆಂಡಿನ ಖಗೋಳಜ್ಞ ಫ್ಲಾಮ್‌ಸ್ಟೀಡ್ ಅದನ್ನು ವೃಷಭದ ಒಂದು ನಕ್ಷತ್ರವೆಂದು ಪಟ್ಟಿಗೆ ಸೇರಿಸಿಬಿಟ್ಟಿದ್ದರು. ನಾವು ನೋಡಬೇಕಾದರೆ ಅಮಾವಾಸ್ಯೆಯ ಕತ್ತಲು, 6ರ ಕಾಂತಿಮಾನದವರೆಗಿನ ನಕ್ಷತ್ರಗಳಿರುವ ನಕ್ಷೆ ಮತ್ತು ತಾಳ್ಮೆ ಬೇಕು. ನಕ್ಷೆಯಲ್ಲಿ ಇಲ್ಲದ ಚುಕ್ಕೆಯನ್ನು ಕಾಗದದ ಮೇಲೆ ಗುರುತು ಹಾಕಿಕೊಂಡು, ಮುಂದಿನ ಅಮಾವಾಸ್ಯೆಗೆ ಅದೇ ಜಾಗವನ್ನು ಮತ್ತೆ ಬರೆದುಕೊಂಡು ಎರಡನ್ನೂ ಹೋಲಿಸಬೇಕು. ಚುಕ್ಕೆ ಸರಿದಿದ್ದರೆ ಅದೇ ಯುರೇನಸ್.